12 ಲಕ್ಷದವರಿಗೆ ಇರುವ ಮೆಟ್ಟಿಲು 1.2 ಲಕ್ಷದವರಿಗೂ ಇರಲಿ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ, ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ ಹಾಗೂ ಆರ್ಥಿಕ ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಮತ್ತು ಪೇಟೆಯ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಈ ಊರಿಗೆ ಬರುವ ಮೊದಲು ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆಯುವುದು, ಸಂಜೆ ಕಣದಲ್ಲಿ ನಿಂತು ಕಾಫಿ ಹಣ್ಣಿನ ತೂಕ ಬರೆದುಕೊಳ್ಳುವುದು, ವಾರದ ಕೊನೆಗೆ ಕೂಲಿ ಬಟವಾಡೆ ಮಾಡುವುದು ನನ್ನ ಕೆಲಸವಾಗಿತ್ತು. ಯಾರು ಯಾವ ದಿನ ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂಬುದನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ ಕಾರಣದಿಂದಲೇ, ರಾಜ್ಯದ ಕಲ್ಯಾಣ ಯೋಜನೆಗಳಿಗೂ ಜನರ ದುಡಿಮೆಗೂ ಇರುವ ಸಂಬಂಧದ ಬಗ್ಗೆ ತಮಗೆ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಒಂದು ಘಟನೆಯಿಂದ ಆರಂಭಿಸುತ್ತೇನೆ. ನಾನು ಲೆಕ್ಕ ನೋಡುವ ತೋಟವೊಂದರಲ್ಲಿ ರೊಬಸ್ಟಾ ಕೊಯ್ಲು ಜೋರಾಗಿ ನಡೆಯುತ್ತಿದ್ದ ಫೆಬ್ರವರಿಯ ಒಂದು ಬಟವಾಡೆಯ ದಿನ, ತೋಟದ ಕಾರ್ಮಿಕರ ಲೈನ್ ಮನೆಯ ಒಬ್ಬ ಹೆಣ್ಣುಮಗಳು ಎಲ್ಲರೂ ಹೋಗುವವರೆಗೆ ಕಾದಿದ್ದು ನನ್ನ ಮೇಜಿನ ಹತ್ತಿರ ಬಂದರು. ಆ ತೋಟದಲ್ಲಿ ಅವರಷ್ಟು ಚುರುಕಾಗಿ ಹಣ್ಣು ಕೊಯ್ಯುವವರು ಕಡಿಮೆ. ಕೊಯ್ಲಿನ ದಿನಗಳಲ್ಲಿ ಕೂಲಿ ಕೆಜಿ ಲೆಕ್ಕದಲ್ಲಿ ಸಿಗುವುದರಿಂದ ಅವರ ಗಳಿಕೆ ಬೇರೆಯವರಿಗಿಂತ ಯಾವಾಗಲೂ ಹೆಚ್ಚು. ‘ಸಾರ್, ಈ ತಿಂಗಳದ್ದು ನನ್ನ ಹೆಸರಲ್ಲಿ ಬರೀಬೇಡಿ, ಬ್ಯಾಂಕಿಗೂ ಹಾಕ್ಬೇಡಿ. ಕಾರ್ಡ್ ಹೋದ್ರೆ ನಾವು ಕೆಟ್ವಿ. ನಮ್ಮ ಯಜಮಾನ್ರ ಹಾರ್ಟ್ ಆಪರೇಷನ್ ಆಗಿದ್ದೇ ಆ ಕಾರ್ಡಲ್ಲಿ’ ಎಂದರು. ಅವರು ಹೇಳಿದ್ದು ಬಿಪಿಎಲ್ ರೇಷನ್ ಕಾರ್ಡಿನ ಮಾತು, ಮನೆಯ ಆದಾಯ ನಿಗದಿತ ಮಿತಿ ದಾಟಿದರೆ ಅದು ಕೈತಪ್ಪುತ್ತದೆ. ಹಾಗೆ ಬರೆಯದೆ ಕೂಲಿ ಕೊಡಲು ಬರುವುದಿಲ್ಲ, ಪಿಎಫ್ ಕಟ್ಟಬೇಕು, ಬೋನಸ್ ಲೆಕ್ಕಕ್ಕೂ ಅದೇ ಆಧಾರ ಎಂದು ನಾನು ಹೇಳಿದೆ. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ಗಿಡದಲ್ಲಿ ಹಣ್ಣಿತ್ತು, ಕೈಯಲ್ಲಿ ಶಕ್ತಿಯಿತ್ತು, ಮನೆಗೆ ದುಡ್ಡು ಬೇಕಾಗಿತ್ತು. ಆದರೂ ಚೆಕ್‌ರೋಲ್‌ನಲ್ಲಿ ಅವರ ಹೆಸರಿನ ಮುಂದೆ ಕೊಯ್ಲು ಮುಗಿಯುವವರೆಗೆ ಗೈರುಹಾಜರಿಯ ಗುರುತೇ ಬಿದ್ದಿತು.

ಆ ಚೆಕ್‌ರೋಲ್ ನೋಡಿದ ತೋಟದ ಮಾಲೀಕರು, ‘ಬಿಟ್ಟಿ ಅಕ್ಕಿ ಸಿಗುವಾಗ ಯಾರಿಗೆ ಕೆಲಸ ಬೇಕು ಹೇಳಿ’ ಎಂದರು. ಅವರು ಕೆಟ್ಟವರಲ್ಲ, ಹಣ್ಣು ಉದುರಿ ನೆಲಕ್ಕೆ ಬೀಳುತ್ತಿರುವಾಗ ಆಳು ಸಿಗದ ಸಂಕಟದಲ್ಲಿ ಆಡಿದ ಮಾತು ಅದು. ಆದರೆ ಅವರು ನೋಡಿದ ಗೈರುಹಾಜರಿಯೂ ನಾನು ನೋಡಿದ ಗೈರುಹಾಜರಿಯೂ ಒಂದೇ ಆಗಿದ್ದರೂ ನಾವಿಬ್ಬರೂ ಕಂಡ ಕಾರಣ ಬೇರೆ ಬೇರೆ. ಆ ಹೆಣ್ಣುಮಗಳು ಅಕ್ಕಿ ಸಿಗುತ್ತದೆ ಎಂಬ ಕಾರಣಕ್ಕೆ ಮನೆಯಲ್ಲಿ ಕೂರಲಿಲ್ಲ. ಹಾಗಾಗಿದ್ದರೆ ನವೆಂಬರ್‌ನಲ್ಲೂ ಡಿಸೆಂಬರ್‌ನಲ್ಲೂ ಅವರು ಬರಬಾರದಿತ್ತು, ಆಗಲೂ ಅಕ್ಕಿ ಸಿಗುತ್ತಲೇ ಇತ್ತು. ಇನ್ನಷ್ಟು ದುಡಿದರೆ ಅಕ್ಕಿಯೂ ಆಸ್ಪತ್ರೆಯೂ ಒಟ್ಟಿಗೆ ಕೈತಪ್ಪುತ್ತವೆ ಎಂಬ ಭಯ ಅವರನ್ನು ಮನೆಯಲ್ಲಿ ಕೂರಿಸಿತು. ಈ ಎರಡು ಕಾರಣಗಳ ನಡುವಿನ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿಯೇ ಈ ಪತ್ರ.

ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೇಸಿ ಮಲ್ಲಿಗನ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. 2007ರ ಕೊನೆಯಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಆರಂಭವಾದಾಗ ಅಲ್ಲಿನ ಸರ್ಕಾರ ನಿರುದ್ಯೋಗ ಭತ್ಯೆಯ ಅವಧಿಯನ್ನು ಕೆಲವೆಡೆ 99 ವಾರಗಳವರೆಗೆ ವಿಸ್ತರಿಸಿತು, ಆಹಾರ ನೆರವಿನ ಅರ್ಹತೆಯನ್ನೂ ಸಡಿಲಿಸಿತು. ಮಲ್ಲಿಗನ್ ಇವನ್ನೆಲ್ಲ ಬಿಡಿಬಿಡಿಯಾಗಿ ನೋಡದೆ ಒಟ್ಟುಗೂಡಿಸಿದರು. ಒಬ್ಬ ವ್ಯಕ್ತಿ ಕೆಲಸಕ್ಕೆ ಸೇರಿದರೆ ಅಥವಾ ಹೆಚ್ಚು ಹೊತ್ತು ದುಡಿದರೆ, ಸಿಗುವ ಪ್ರತಿ ನೂರು ಡಾಲರಿನಲ್ಲಿ ತೆರಿಗೆಯಾಗಿ ಎಷ್ಟು ಹೋಗುತ್ತದೆ, ನಿಂತುಹೋಗುವ ನೆರವಿನ ರೂಪದಲ್ಲಿ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸೀಮಾಂತ ತೆರಿಗೆ ದರ ಎನ್ನುತ್ತಾರೆ. ಸರ್ಕಾರ ತೆರಿಗೆ ಎಂದು ಕರೆಯಲಿ, ಬಿಡಲಿ, ದುಡಿದ ಕಾರಣಕ್ಕೆ ಕೈತಪ್ಪಿದ್ದೆಲ್ಲವೂ ದುಡಿಯುವವನ ಪಾಲಿಗೆ ತೆರಿಗೆಯೇ ಎಂಬುದು ಈ ಲೆಕ್ಕದ ತಿರುಳು. ಆ ಎರಡು ವರ್ಷಗಳಲ್ಲಿ ಆ ದರ ಗಣನೀಯವಾಗಿ ಏರಿತೆಂದೂ, ದುಡಿಮೆಯ ಗಂಟೆಗಳು ಕುಸಿದದ್ದರ ದೊಡ್ಡ ಪಾಲಿಗೆ ಅದೇ ಕಾರಣವೆಂದೂ ಅವರು 2012ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದರು.

ಈ ತೀರ್ಮಾನವನ್ನು ಅನೇಕ ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ. ಕಾರ್ಖಾನೆಗಳ ಸರಕಿಗೆ ಬೇಡಿಕೆಯೇ ಇಲ್ಲದಾಗ, ಕೆಲಸ ಕೊಡುವವರೇ ಇಲ್ಲದಾಗ, ಕೆಲಸಗಾರರ ಮನಸ್ಸಿನಲ್ಲಿ ಕಾರಣ ಹುಡುಕುವುದು ಸರಿಯಲ್ಲ ಎಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. ಕೊಡುವುದನ್ನು ಕಡಿಮೆ ಮಾಡಬೇಕೆಂದು ಹೇಳುವವರು ಮಲ್ಲಿಗನ್ ಅವರ ಹೆಸರನ್ನು ಮುಂದೆ ಮಾಡುವುದೂ ನನಗೆ ಹಿಡಿಸುವುದಿಲ್ಲ. ಆದರೆ ಅವರ ಲೆಕ್ಕದ ವಿಧಾನ, ಅಂದರೆ ತೆರಿಗೆಯನ್ನೂ ನಿಂತುಹೋಗುವ ನೆರವನ್ನೂ ಒಂದೇ ಕಾಲಂನಲ್ಲಿ ಬರೆದು ಕೂಡಿಸುವುದು, ಯಾವ ರಾಜಕೀಯ ನಿಲುವಿನವರೂ ಕಲಿಯಬೇಕಾದದ್ದು.

ಬಡವರಿಗೆ ನೆರವು ಕೊಟ್ಟರೆ ಅವರು ಸೋಮಾರಿಗಳಾಗುತ್ತಾರೆ ಎಂಬ ಮಾತನ್ನೇ ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೊನೇಷ್ಯಾ, ಮೊರಾಕ್ಕೊ, ಫಿಲಿಪೀನ್ಸ್ ಸೇರಿ 6 ದೇಶಗಳ 7 ಸರ್ಕಾರಿ ನಗದು ನೆರವು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರು ಕೆಲಸ ಬಿಟ್ಟರು ಎನ್ನುವುದಕ್ಕೆ ಅವರಿಗೆ ಯಾವ ಸ್ಪಷ್ಟ ಪುರಾವೆಯೂ ಸಿಗಲಿಲ್ಲ, ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ. ಅದಕ್ಕೂ ಬಹಳ ಹಿಂದೆ, 1974ರಿಂದ 1979ರವರೆಗೆ ಕೆನಡಾದ ಡಾಫಿನ್ ಎಂಬ ಸಣ್ಣ ಪಟ್ಟಣದಲ್ಲಿ ಎಲ್ಲ ಕುಟುಂಬಗಳಿಗೂ ಕನಿಷ್ಠ ಆದಾಯದ ಭರವಸೆ ಕೊಡುವ ಪ್ರಯೋಗ ನಡೆದಿತ್ತು. ಅಲ್ಲಿ ದುಡಿಮೆ ಕಡಿಮೆ ಮಾಡಿದವರು ಮುಖ್ಯವಾಗಿ ಎಳೆ ಮಕ್ಕಳ ತಾಯಂದಿರು ಮತ್ತು ಶಾಲೆಯಲ್ಲಿ ಮುಂದುವರಿದ ಹದಿಹರೆಯದ ಹುಡುಗರು. ಆ ವರ್ಷಗಳ ದಾಖಲೆಗಳನ್ನು ಮುಂದೆ ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞೆ ಎವೆಲಿನ್ ಫೊರ್ಜೆ, ಆ ಊರಿನಲ್ಲಿ ಆಸ್ಪತ್ರೆ ಸೇರುವವರ ಪ್ರಮಾಣ ಶೇ 8.5ರಷ್ಟು ಇಳಿದಿದ್ದನ್ನು ತೋರಿಸಿದರು.

ಈ ಕೊನೆಯ ಸಂಗತಿ ಓದಿದಾಗ ನನಗೆ ನಮ್ಮ ತೋಟಗಳ ಮುದುಕಿಯರ ನೆನಪಾಯಿತು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಮಂಡಿ ನೋವು ಹೊತ್ತುಕೊಂಡು ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದವರು, ಮನೆಗೆ ಅಕ್ಕಿ ಬರತೊಡಗಿದ ಮೇಲೆ ಕೆಲಸ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಅದನ್ನು ಸೋಮಾರಿತನವೆಂದು ಕರೆಯಲು ನನ್ನಿಂದಾಗದು. ಅವರು ಹತ್ತು ವರ್ಷ ಮೊದಲೇ ನಿಲ್ಲಿಸಬೇಕಾಗಿತ್ತು. ತೋಟಗಳಲ್ಲಿ ಆಳು ಸಿಗದಿರುವುದಕ್ಕೆ ಬೇರೆ ಕಾರಣಗಳು ಎಲ್ಲರ ಕಣ್ಣ ಮುಂದೆಯೇ ಇವೆ. ಲೈನ್ ಮನೆಯ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ, ಹೆಣ್ಣುಮಕ್ಕಳು ಹಾಸನದ ಗಾರ್ಮೆಂಟ್ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ಅಪ್ಪ ಅಮ್ಮ ಮಾಡಿದ ಕೆಲಸವನ್ನೇ ಮಕ್ಕಳೂ ಮಾಡಬೇಕೆಂದು ಯಾರೂ ಬಯಸಬಾರದು. ಅಸ್ಸಾಂ ಮುಂತಾದ ಕಡೆಗಳಿಂದ ಕಾರ್ಮಿಕರು ಬರತೊಡಗಿದ್ದು ಗ್ಯಾರಂಟಿಗಳು ಜಾರಿಯಾದ 2023ಕ್ಕೂ ಎಷ್ಟೋ ಮೊದಲು.

ಹಾಗಾದರೆ ದುಡಿಮೆಗೆ ಅಡ್ಡಿಯಾಗಿರುವುದು ಯಾವುದು? ಕೊಡುವ ನೆರವನ್ನು ಹಿಂತೆಗೆಯುವ ರೀತಿ ಎಂದು ನನ್ನ ಅನುಭವ ಹೇಳುತ್ತದೆ. ಬಿಪಿಎಲ್ ಕಾರ್ಡಿಗೆ ನಮ್ಮಲ್ಲಿ ಇಟ್ಟಿರುವ ಮಿತಿ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಈ ದರದಲ್ಲಿ ಒಂದು ಮನೆಯಿಂದ ಒಬ್ಬರೇ ವರ್ಷಕ್ಕೆ 325 ದಿನ ದುಡಿದರೆ ಕೈಗೆ ಬರುವುದು 1,20,250 ರೂಪಾಯಿ. ಗಂಡ ಹೆಂಡತಿ ಇಬ್ಬರೂ ತಲಾ 200 ದಿನ ದುಡಿದರೆ 1,48,000 ರೂಪಾಯಿ. ಸರ್ಕಾರವೇ ನಿಗದಿ ಮಾಡಿದ ಕೂಲಿಯನ್ನು ಪಡೆದು ಪ್ರಾಮಾಣಿಕವಾಗಿ ದುಡಿಯುವ ಕುಟುಂಬವೊಂದು, ಸರ್ಕಾರವೇ ನಿಗದಿ ಮಾಡಿದ ಬಡತನದ ಮಿತಿಯನ್ನು ದಾಟಿಬಿಡುತ್ತದೆ. ಇಬ್ಬರು ದುಡಿಯುವ ಮನೆ ಬಿಪಿಎಲ್ ಆಗಿ ಉಳಿಯಬೇಕಾದರೆ ಒಂದೋ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಸುಮ್ಮನೆ ಕೂರಬೇಕು, ಇಲ್ಲವೇ ಸುಳ್ಳು ಹೇಳಬೇಕು. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸಾಲು ನಿಂತವರನ್ನೆಲ್ಲ ನಮ್ಮ ನಿಯಮ ಇಂಥ ಆಯ್ಕೆಗೆ ತಳ್ಳುತ್ತಿದೆ.

ಮಿತಿ ದಾಟಿದಾಗ ಏನಾಗುತ್ತದೆ ಎಂಬುದನ್ನು ಮಲ್ಲಿಗನ್ ಮಾದರಿಯಲ್ಲೇ ಕೂಡಿಸಿ ನೋಡೋಣ. ನಾಲ್ಕು ಜನರ ಮನೆ, ವರ್ಷದ ಆದಾಯ 1,18,000 ರೂಪಾಯಿ. ಆ ಮನೆಯ ಹೆಣ್ಣುಮಗಳು ಕೊಯ್ಲಿನಲ್ಲಿ ಇನ್ನೂ ಕೆಲವು ದಿನ ದುಡಿದು 6,000 ರೂಪಾಯಿ ಹೆಚ್ಚು ಗಳಿಸಿದರು, ಆದಾಯ 1,24,000 ಆಯಿತು. ಕಾನೂನಿನಂತೆ ಕಾರ್ಡ್ ಹೋಗಬೇಕು. 2023ರಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಸರ್ಕಾರ ಕೆಜಿಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ನೀಡಿತ್ತು. ಅದೇ ಬೆಲೆ ಹಿಡಿದರೆ, 2025ರಲ್ಲಿ ಸಿಗುತ್ತಿದ್ದ ತಲಾ 10 ಕೆಜಿಯಂತೆ ನಾಲ್ವರ ಅಕ್ಕಿಯ ಬೆಲೆ ತಿಂಗಳಿಗೆ 1,360 ರೂಪಾಯಿ, ವರ್ಷಕ್ಕೆ 16,320 ರೂಪಾಯಿ. ಹೆಚ್ಚುವರಿಯಾಗಿ ಗಳಿಸಿದ್ದು 6,000, ಕಳೆದುಕೊಂಡದ್ದು 16,320. ಇದು ಶೇ 272ರ ತೆರಿಗೆ. ಕೋಟ್ಯಧಿಪತಿಗಳಿಗೂ ನಮ್ಮ ದೇಶದಲ್ಲಿ ಆದಾಯ ತೆರಿಗೆಯ ಮೇಲಿನ ಸ್ಲ್ಯಾಬ್ ಶೇ 30. ಇದರ ಜೊತೆಗೆ ಆಸ್ಪತ್ರೆಯ ಲೆಕ್ಕವಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದ್ದರೆ, ಎಪಿಎಲ್ ಕುಟುಂಬಕ್ಕೆ ಸಿಗುವುದು ಚಿಕಿತ್ಸಾ ಪ್ಯಾಕೇಜಿನ ಶೇ 30ರಷ್ಟು, ಅದೂ 1.5 ಲಕ್ಷದ ಒಳಗೆ. ಹೃದಯದ ಕಾಯಿಲೆಯವರು ಇರುವ ಮನೆಗೆ ಈ ವ್ಯತ್ಯಾಸದ ಬೆಲೆ ಎಷ್ಟೆಂದು ಅಂಕಿಗಳಲ್ಲಿ ಬರೆಯಲು ನನಗೆ ಬಾರದು. ಆ ಹೆಣ್ಣುಮಗಳು ಅಕ್ಕಿಯ ಮಾತೇ ಎತ್ತಲಿಲ್ಲ, ಆಪರೇಷನ್ನಿನ ಮಾತನ್ನು ಮಾತ್ರ ಎತ್ತಿದರು ಎಂಬುದನ್ನು ತಾವು ಗಮನಿಸಬೇಕು.

ಅವರ ಕಾರ್ಡ್ ನಿಜಕ್ಕೂ ರದ್ದಾಗುತ್ತಿತ್ತೇ ಎಂದು ತಾವು ಕೇಳಬಹುದು. ಬಹುಶಃ ಆಗುತ್ತಿರಲಿಲ್ಲ, ಇಷ್ಟು ಸಣ್ಣ ವ್ಯತ್ಯಾಸವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಆದರೆ 2024ರ ನವೆಂಬರ್‌ನಲ್ಲಿ ಅನರ್ಹರದೆಂದು ಗುರುತಿಸಿದ ಕಾರ್ಡುಗಳ ರದ್ದತಿ ಶುರುವಾಗಿ, ವಿರೋಧ ಬಂದ ಮೇಲೆ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಲು ಸರ್ಕಾರವೇ ಸೂಚಿಸಬೇಕಾಯಿತು. ಆ ಕೆಲವು ವಾರಗಳಲ್ಲಿ ಲೈನ್ ಮನೆಗಳಲ್ಲಿ ಹುಟ್ಟಿದ ಭಯ ಇನ್ನೂ ಇಳಿದಿಲ್ಲ. ನಿಯಮವನ್ನು ಜಾರಿ ಮಾಡದೆ ಕಡತದಲ್ಲಿ ಇಟ್ಟುಕೊಂಡರೂ ಅದು ದುಡಿಯುವವರ ಕೈ ಕಟ್ಟುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನಸಂಖ್ಯೆಯ ಶೇ 75ರಷ್ಟು ಮಂದಿಯನ್ನು ತಲುಪುವ ಉದ್ದೇಶ ಹೊಂದಿದೆ. 10,000 ರೂಪಾಯಿಯ ಮಿತಿಯನ್ನು ಅಕ್ಷರಶಃ ಪಾಲಿಸಿದರೆ ಮಲೆನಾಡಿನ ಹಳ್ಳಿಗಳಲ್ಲಿ ಅಷ್ಟು ಜನ ಒಳಗೆ ಉಳಿಯುವುದು ಸಾಧ್ಯವೇ ಇಲ್ಲವೆಂದು ನನ್ನ ಅಂದಾಜು.

ಸರ್ಕಾರಗಳಿಗೆ ಈ ಸಮಸ್ಯೆ ತಿಳಿಯದೇ ಇಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸುವ ಸಂಗತಿ. ಕೇಂದ್ರದ ಆದಾಯ ತೆರಿಗೆಯನ್ನೇ ನೋಡಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಶೂನ್ಯವಾಗುತ್ತದೆ. ಒಬ್ಬರ ಆದಾಯ 12,10,000 ಆಯಿತೆನ್ನೋಣ. ಸ್ಲ್ಯಾಬಿನಂತೆ ಲೆಕ್ಕ ಹಾಕಿದರೆ ಅವರು 61,500 ರೂಪಾಯಿ ತೆರಿಗೆ ಕಟ್ಟಬೇಕು. 10,000 ಹೆಚ್ಚು ಗಳಿಸಿದ್ದಕ್ಕೆ 61,500 ಕಳೆದುಕೊಳ್ಳಬೇಕು. ಇದು ಅನ್ಯಾಯವೆಂದು ಕಾನೂನು ಮಾಡಿದವರಿಗೆ ಹೊಳೆದಿದೆ, ಅದಕ್ಕೇ ಅಂಚಿನ ಪರಿಹಾರ ಎಂಬ ವ್ಯವಸ್ಥೆ ಇಟ್ಟಿದ್ದಾರೆ. ಸೆಸ್ ಬಿಟ್ಟರೆ, 12 ಲಕ್ಷದ ಮೇಲೆ ಗಳಿಸಿದ 10,000ಕ್ಕಿಂತ ಹೆಚ್ಚನ್ನು ಅವರಿಂದ ಕೇಳುವಂತಿಲ್ಲ. ನನ್ನ ಬಳಿ ರಿಟರ್ನ್ಸ್ ಸಲ್ಲಿಸಲು ಬರುವವರಿಗೆ ಈ ಪರಿಹಾರವನ್ನು ನಾನೇ ಲೆಕ್ಕ ಹಾಕಿ ಕೊಡುತ್ತೇನೆ. ಅದೇ ಮೇಜಿನ ಮೇಲೆ, ಅದೇ ಲೇಖನಿಯಿಂದ, ಬೇರೆ ದಿನ ಚೆಕ್‌ರೋಲ್ ತಪಾಸಣೆ ಮಾಡುತ್ತೇನೆ. 12 ಲಕ್ಷದ ಅಂಚಿನಲ್ಲಿ ನಿಂತವರು ಬೀಳದಂತೆ ಕಾನೂನು ಮೆಟ್ಟಿಲು ಕಟ್ಟಿದೆ, 1.2 ಲಕ್ಷದ ಅಂಚಿನಲ್ಲಿ ನಿಂತವರಿಗೆ ಅಲ್ಲಿ ಬರೀ ಪ್ರಪಾತ. ಒಂದು ಕೇಂದ್ರದ ಕಾನೂನು, ಇನ್ನೊಂದು ರಾಜ್ಯದ ನಿಯಮ ಎಂಬುದು ನನಗೆ ಗೊತ್ತಿದೆ. ಆದರೆ ಹೆಚ್ಚು ದುಡಿದವನ ಕೈಯಲ್ಲಿ ಕಡಿಮೆ ಉಳಿಯಬಾರದು ಎಂಬ ತತ್ವ ಎರಡಕ್ಕೂ ಒಂದೇ.

ಇಂಥ ಪ್ರಪಾತಗಳು ಬಿಪಿಎಲ್ ಕಾರ್ಡಿನಲ್ಲಿ ಮಾತ್ರ ಇಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿರುವವರು ತಮ್ಮ ಅರ್ಹತೆಯ ಮಿತಿ ಮೀರಿದರೆ ಮೀರಿದಷ್ಟಕ್ಕೆ ಮಾತ್ರ ಹಣ ಕಟ್ಟುತ್ತಾರೆ, ಅದು ಸರಿಯಾದ ಕ್ರಮ. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹಬ್ಬದ ತಿಂಗಳಲ್ಲಿ ರಾತ್ರಿಯೂ ಹೊಲಿಯುವ ಹೆಣ್ಣುಮಗಳಿಗೆ ಆ 201ನೇ ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗಿಂತ ಹೆಚ್ಚು.

ಗೃಹಲಕ್ಷ್ಮಿಯಲ್ಲಿ ಮಹಿಳೆ ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. ಇದರಿಂದ ಪೇಟೆಯಲ್ಲಿ ಏನಾಗುತ್ತಿದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಅಂಗಡಿ ಸ್ವಲ್ಪ ಬೆಳೆದು, ಹೊರ ಜಿಲ್ಲೆಯ ದೊಡ್ಡ ವರ್ತಕರು ಜಿಎಸ್‌ಟಿ ಬಿಲ್ ಕೇಳುವ ಹಂತ ಬಂದಾಗ, ‘ನೋಂದಣಿ ಮಾಡಿಸಿದರೆ ಮನೆಯವಳ ಹಣ ನಿಲ್ಲುತ್ತಾ?’ ಎಂಬುದೇ ಬಹಳ ಮಂದಿಯ ಮೊದಲ ಪ್ರಶ್ನೆ. ನಿಲ್ಲುತ್ತದೆ ಎಂದು ನಾನು ಹೇಳಲೇಬೇಕು. ವರ್ಷಕ್ಕೆ 24,000 ರೂಪಾಯಿ ಸಣ್ಣ ಅಂಗಡಿಗೆ ಸಣ್ಣ ಮೊತ್ತವಲ್ಲ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಲೆಕ್ಕದ ಪುಸ್ತಕದೊಳಗೆ ಬರುವವರಿಗೆ ದಂಡ, ಹೊರಗೆ ಉಳಿಯುವವರಿಗೆ ಲಾಭ ಎಂಬ ಭಾವನೆ ಬೇರೂರಿದರೆ ರಾಜ್ಯದ ತೆರಿಗೆ ಸಂಗ್ರಹಕ್ಕೂ ಒಳ್ಳೆಯದಾಗದು.

ಇದೇ ನಿಯಮದ ಇನ್ನೊಂದು ಬದಿಯೂ ನಮ್ಮ ಜಿಲ್ಲೆಯಲ್ಲಿ ಎದ್ದು ಕಾಣುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಬೆಳೆಗಾರರು ತಾವು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡದೆ, ಅಂದರೆ ಸಿಪ್ಪೆ ತೆಗೆದು ಬೀಜ ಬೇರ್ಪಡಿಸದೆ, ಮಾರಿದರೆ ಪೂರ್ತಿ ವಿನಾಯಿತಿ, ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ವ್ಯಾಪಾರದ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಹೀಗಾಗಿ, ಕ್ಯೂರಿಂಗ್ ಮಾಡದೆ ಮಾರುವ, ಬೇರೆ ಆದಾಯವಿಲ್ಲದ ದೊಡ್ಡ ತೋಟದ ಕುಟುಂಬವೊಂದು ನಿಯಮದ ಅಕ್ಷರದಂತೆ ತೆರಿಗೆ ಪಾವತಿದಾರರ ಪಟ್ಟಿಯಲ್ಲೇ ಇರುವುದಿಲ್ಲ, ಗೃಹಲಕ್ಷ್ಮಿಗೆ ಅರ್ಹತೆಯನ್ನೂ ಉಳಿಸಿಕೊಳ್ಳುತ್ತದೆ. ತನ್ನ ಎರಡು ಎಕರೆಯ ಕಾಫಿಯನ್ನು ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಲು ಹೊರಟು ಜಿಎಸ್‌ಟಿ ನೋಂದಣಿ ಮಾಡಿಸಿದ ಯುವ ದಂಪತಿ ಅದನ್ನು ಕಳೆದುಕೊಳ್ಳುತ್ತಾರೆ. ಬೆಳೆದಿದ್ದನ್ನು ಹಾಗೆಯೇ ಮಾರುವವರಿಗಿಂತ, ಅದಕ್ಕೆ ತಮ್ಮ ದುಡಿಮೆ ಸೇರಿಸಿ ಊರಿನಲ್ಲೇ ನಾಲ್ಕು ಜನರಿಗೆ ಕೆಲಸ ಕೊಡುವವರ ಮೇಲೆ ಭಾರ ಹೆಚ್ಚು ಬೀಳುತ್ತಿದೆ.

ಯುವನಿಧಿಯ ವಿಷಯ ಇಷ್ಟು ಜಟಿಲವಲ್ಲ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಮೊದಲ ಕೆಲಸವೆಂದು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ 8,000ಕ್ಕೆ ಸೇರುವ ಹುಡುಗನಿಗೆ ಊಟ, ಬಸ್ಸಿನ ಖರ್ಚು ಕಳೆದರೆ ಉಳಿಯುವುದು ಮೊದಲಿಗಿಂತ ಸ್ವಲ್ಪವೇ ಹೆಚ್ಚು. ಕೆಲಸ ಸಿಕ್ಕ ಮೇಲೂ ಆರು ತಿಂಗಳು ಅರ್ಧ ಭತ್ಯೆ ಮುಂದುವರಿದರೆ ಅವನು ಆ ಕೆಲಸ ಬಿಡದೆ ಕಲಿಯುತ್ತಾನೆ.

ಇದೆಲ್ಲಕ್ಕೂ ವಿರುದ್ಧವಾದ ಒಂದು ಒಳ್ಳೆಯ ಉದಾಹರಣೆ ತಮ್ಮ ಕೈಯಲ್ಲೇ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಆದಾಯದ ಮಿತಿಯಿಲ್ಲ, ಕಾರ್ಡಿನ ಪ್ರಶ್ನೆಯಿಲ್ಲ. ಬೇಲೂರಿನಿಂದ ಹಾಸನದ ಗಾರ್ಮೆಂಟ್‌ಗೆ ಹೋಗುವ ಹೆಣ್ಣುಮಗಳ ಸಂಬಳ ಎಷ್ಟೇ ಏರಲಿ, ಅವಳ ಶೂನ್ಯ ಟಿಕೆಟ್ ತಪ್ಪುವುದಿಲ್ಲ. ಮೊದಲು ಸಂಬಳದಲ್ಲಿ ಬಸ್ಸಿಗೆ ಹೋಗುತ್ತಿದ್ದ ಪಾಲು ಅವಳು ದುಡಿಮೆಗೆ ಹೊರಡಲು ಕಟ್ಟುತ್ತಿದ್ದ ತೆರಿಗೆಯೇ ಆಗಿತ್ತು, ಅದು ಹೋಯಿತು. ಬಿಟ್ಟಿ ಕೊಟ್ಟರೆ ಜನ ಮನೆಯಲ್ಲಿ ಕೂರುತ್ತಾರೆ ಎನ್ನುವವರು ಬೆಳಿಗ್ಗೆ ಏಳು ಗಂಟೆಗೆ ಬೇಲೂರು ಬಸ್ ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಲಿ. ಅದೇ ಕಾರ್ಖಾನೆಗಳಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಸೌಲಭ್ಯಕ್ಕೆ ತಿಂಗಳ ಸಂಬಳದ ಮಿತಿ 2017ರ ಜನವರಿಯಿಂದ 21,000 ರೂಪಾಯಿ ಇದೆ. ಆ ಮಿತಿಯೂ ಹಳತಾಗಿದೆ, ಆದರೂ ಅಲ್ಲೊಂದು ಒಳ್ಳೆಯ ಪದ್ಧತಿಯಿದೆ: ಆರು ತಿಂಗಳ ವಂತಿಗೆ ಅವಧಿಯ ನಡುವೆ ಸಂಬಳ ಏರಿ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಾರ್ಮಿಕರನ್ನು ಹೊರಹಾಕುವುದಿಲ್ಲ.

ಹೊರದೇಶಗಳಲ್ಲಿ ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಗಳಿಕೆ ಹೆಚ್ಚಾದಂತೆ ನೆರವು ನಿಧಾನವಾಗಿ ಇಳಿಯುತ್ತದೆ. ಹೆಚ್ಚುವರಿ ಪ್ರತಿ ಪೌಂಡಿಗೆ ಮೊದಲು 63 ಪೆನ್ಸ್ ಕಡಿತವಾಗುತ್ತಿದ್ದದ್ದನ್ನು 2021ರ ಕೊನೆಯಲ್ಲಿ 55 ಪೆನ್ಸ್‌ಗೆ ಇಳಿಸಿದರು. ನನಗೆ ಅದೂ ಹೆಚ್ಚೆಂದೇ ಕಾಣುತ್ತದೆ, ಆದರೆ ನೂರಕ್ಕಿಂತ ಕಡಿಮೆ. ಅಮೆರಿಕದಲ್ಲಿ 1975ರಿಂದ ದುಡಿಯುವ ಬಡವರಿಗೆ ತೆರಿಗೆ ಇಲಾಖೆಯ ಮೂಲಕವೇ ಹಣ ಕೊಡುವ ವ್ಯವಸ್ಥೆಯಿದೆ. ಇಬ್ಬರು ಮಕ್ಕಳಿರುವ ಕುಟುಂಬ ಆರಂಭದ ಹಂತದಲ್ಲಿ ದುಡಿದ ಪ್ರತಿ ನೂರು ಡಾಲರಿಗೆ ಸರ್ಕಾರ 40 ಡಾಲರ್ ಸೇರಿಸುತ್ತದೆ, ಆದಾಯ ಒಂದು ಮಟ್ಟ ದಾಟಿದ ಮೇಲೆ ಪ್ರತಿ ನೂರಕ್ಕೆ ಸುಮಾರು 21 ಡಾಲರಿನಂತೆ ಹಿಂತೆಗೆಯುತ್ತದೆ. 1986ರಲ್ಲಿ ಅದನ್ನು ವಿಸ್ತರಿಸಿದ ಬಳಿಕ ಮಕ್ಕಳಿರುವ ಒಂಟಿ ತಾಯಂದಿರು ಕೆಲಸಕ್ಕೆ ಸೇರುವ ಪ್ರಮಾಣ 2.8 ಶೇಕಡಾ ಅಂಶದಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ನಾಡಾ ಐಸಾ ಮತ್ತು ಜೆಫ್ರಿ ಲೀಬ್‌ಮನ್ 1996ರಲ್ಲಿ ತೋರಿಸಿದರು. ಹೆನ್ರಿಕ್ ಕ್ಲೆವೆನ್ ಅವರಂಥವರು ಇಂಥ ಫಲಿತಾಂಶಗಳನ್ನು ಈಚೆಗೆ ಪ್ರಶ್ನಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಹೆಚ್ಚು ದುಡಿದವರ ಕೈಯಲ್ಲಿ ಒಟ್ಟು ಹಣ ಹೆಚ್ಚೇ ಇರುತ್ತದೆ ಎಂಬ ಆ ಯೋಜನೆಯ ಕಟ್ಟಡವನ್ನು ಮಾತ್ರ ನಾವು ಧಾರಾಳವಾಗಿ ತರಬಹುದು.

ನಮ್ಮಲ್ಲಿ ಕೂಲಿಯವರ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಅದನ್ನು ಪೈಸೆ ಪೈಸೆಯಾಗಿ ಅಳೆದು ನೆರವು ಇಳಿಸುವ ಯಂತ್ರ ನಮ್ಮ ಬಳಿ ಇಲ್ಲ, ಅಂಥದ್ದು ಬೇಡವೂ ಬೇಡ. ಅದಕ್ಕಿಂತ ಸರಳವಾದದ್ದನ್ನೇ ಕೇಳುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಆಸ್ಪತ್ರೆಯ ರಕ್ಷಣೆಯನ್ನು ರೇಷನ್ ಕಾರ್ಡಿನಿಂದ ಬಿಡಿಸಿ. ಕೂಲಿಯಿಂದಲೇ ಬದುಕುವ ಕುಟುಂಬಕ್ಕೆ ಅಕ್ಕಿ ನಿಂತರೂ 5 ಲಕ್ಷದ ಚಿಕಿತ್ಸೆಯ ಭರವಸೆ ನಿಲ್ಲಬಾರದು. 1.2 ಲಕ್ಷದ ಮಿತಿಯನ್ನು ದಿನಗೂಲಿಗೆ ಕಟ್ಟಿಹಾಕಿ. ಇಬ್ಬರು ತಲಾ 300 ದಿನ ದುಡಿದರೆ ಬರುವ ಮೊತ್ತಕ್ಕಿಂತ ಅದು ಕಡಿಮೆ ಇರಬಾರದು, 370ರ ದರದಲ್ಲಿ ಅದು 2,22,000 ರೂಪಾಯಿ ಆಗುತ್ತದೆ, ಕೂಲಿ ಏರಿದ ವರ್ಷ ಮಿತಿಯೂ ತಾನಾಗಿ ಏರಬೇಕು. ಆ ಮಿತಿಯನ್ನೂ ದಾಟಿದವರಿಗೆ ಇಎಸ್‌ಐ ಮಾದರಿಯಲ್ಲಿ ಎರಡು ವರ್ಷದ ಕಾಲಾವಕಾಶ ಕೊಡಿ, ಮೊದಲ ವರ್ಷ ಪೂರ್ತಿ ಅಕ್ಕಿ, ಎರಡನೆಯ ವರ್ಷ ಅರ್ಧ. 200 ಯೂನಿಟ್ ದಾಟಿದವರಿಂದ ದಾಟಿದಷ್ಟಕ್ಕೆ ಮಾತ್ರ ಹಣ ಪಡೆಯುವುದನ್ನು ಕನಿಷ್ಠ ಒಂದು ಹಂತದವರೆಗಾದರೂ ಪರಿಗಣಿಸಿ. ಗೃಹಲಕ್ಷ್ಮಿಗೆ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸಿದ್ದನ್ನೇ ಅನರ್ಹತೆಯೆಂದು ನೋಡಬೇಡಿ, ವಹಿವಾಟು ಎಷ್ಟಿದೆ ಎಂಬುದನ್ನು ನೋಡಿ.

ಇದಕ್ಕೆ ಖರ್ಚಾಗುತ್ತದೆ. ಆದರೆ ಈಗಲೂ ಆ ಕುಟುಂಬಗಳಲ್ಲಿ ಹೆಚ್ಚಿನವು ಕಡಿಮೆ ಆದಾಯ ತೋರಿಸಿ ಕಾರ್ಡಿನೊಳಗೇ ಇವೆ. ಹಾಗಾಗಿ ಹೊಸದಾಗಿ ಬೀಳುವ ಹೊರೆ ಕಾಗದದ ಮೇಲೆ ಕಾಣುವಷ್ಟು ಇರಲಾರದು ಎಂದು ನನಗೆ ಅನ್ನಿಸುತ್ತದೆ. ಇದನ್ನು ಸರಿಯಾಗಿ ಅಂದಾಜು ಮಾಡಲು ಆರ್ಥಿಕ ಇಲಾಖೆಗೆ ಸಾಧ್ಯವಿದೆ, ಮಾಡಿದ ಅಂದಾಜನ್ನು ಮುಂದಿನ ಬಜೆಟ್ಟಿನ ಜೊತೆಗೆ ಸದನದ ಮುಂದೆ ಇಡಬೇಕೆಂದು ಕೋರುತ್ತೇನೆ. ಆ ಅಂದಾಜಿನಲ್ಲಿ ಒಂದು ಕಾಲಂ ಹೆಚ್ಚಿಗೆ ಇರಲಿ: ಪ್ರತಿಯೊಂದು ಯೋಜನೆಯ ಅಂಚಿನಲ್ಲಿ ನಿಂತ ಕುಟುಂಬ ಇನ್ನೂ ಸಾವಿರ ರೂಪಾಯಿ ದುಡಿದರೆ ಅದರ ಕೈಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ ಎಂಬ ಕಾಲಂ.

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗುತ್ತದೆ, ಜನವರಿಯಿಂದ ರೊಬಸ್ಟಾ. ಆ ಹೆಣ್ಣುಮಗಳು ಈ ವರ್ಷವೂ ಮೊದಲ ದಿನವೇ ಬರುತ್ತಾರೆ, ನನಗೆ ಅದರಲ್ಲಿ ಅನುಮಾನವಿಲ್ಲ. ಫೆಬ್ರವರಿಯ ಬಟವಾಡೆಯ ದಿನ ಅವರು ಮತ್ತೆ ನನ್ನ ಮೇಜಿನ ಬಳಿ ಉಳಿದುಕೊಂಡು ಅದೇ ಪ್ರಶ್ನೆ ಕೇಳಿದರೆ, ‘ಬರೆಯಲಿ ಬಿಡಮ್ಮ, ಕಾರ್ಡಿಗೆ ಏನೂ ಆಗುವುದಿಲ್ಲ’ ಎಂದು ಹೇಳುವ ಆಧಾರವನ್ನು ಅಷ್ಟರೊಳಗೆ ಒಂದು ಸರ್ಕಾರಿ ಆದೇಶದ ರೂಪದಲ್ಲಿ ನನಗೆ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ತೋಟಗಳ ಮತ್ತು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವವನು
ಚಿಕ್ಕಮಗಳೂರು